ಎರಡರ ಬಾಲ

ಫ್ನೋಮ್ ಪೆನ್, ಹೊಳೆದಂಡೆ, ಸಂಜೆ ಐದೂವರೆ.
ಸ್ಪೀಕರಿನ ತಾಳಕ್ಕೆ ಕೈ ಬೀಸುವ ಅಜ್ಜಿಯರು;
ಒಂದೇ ಸ್ಕೂಟರಿನಲ್ಲಿ ನಾಲ್ವರು, ಮಡಿಲಲ್ಲೊಂದು ಟೇಬಲ್ ಫ್ಯಾನು.
ಇಡೀ ಊರು ಬರೆದುಕೊಂಡಿದೆ ತಲೆಕಟ್ಟಿನ ಅಕ್ಷರಗಳಲ್ಲಿ,
ಒಂದೂ ನನಗೆ ದಕ್ಕದು.

ತಾವರೆಕಾಯಿ ಬುಟ್ಟಿಗೆ ಸಿಕ್ಕಿಸಿದ ರಟ್ಟು ಮಾತ್ರ
ಥಟ್ಟನೆ ಓದಿಸಿಕೊಂಡಿತು:
ನಮ್ಮದೇ ಎರಡು! ಪಕ್ಕ ಮೂರು ಸೊನ್ನೆ.

ಬೆವರಿದ ನೀರಿನ ಬಾಟಲಿಯ ಮೇಲೆ
ಬೆರಳಲ್ಲಿ ಬರೆದು ತೋರಿಸಿದೆ.
ಚಂಥೂ (ಪಕ್ಕದವಳು ಕೂಗಿದ ಹೆಸರು)
ಕತ್ತು ಓರೆ ಮಾಡಿ ನೋಡಿ
ಮೇಷ್ಟ್ರಂತೆ ಬಾಲ ತಿದ್ದಿದಳು.

ಬೀಜ ಸುಲಿದು ಕೊಟ್ಟಳು. ನಡುವಿನ ಹಸಿರು ಮೊಳಕೆ
ತೆಗೆಯಬೇಕೆಂದು ಸನ್ನೆ ಮಾಡುವಷ್ಟರಲ್ಲಿ
ಅಗಿದಾಗಿತ್ತು. ಕಹಿ.

ಮಳೆಗಾಲದಲ್ಲಿ ಹಿಂದಕ್ಕೆ ಹರಿಯುತ್ತದಂತೆ ಈ ಹೊಳೆ.
ಅವಳಿನ್ನೂ ನಗುತ್ತಿದ್ದಳು.
ಬಾಟಲಿಯ ಮೇಲೆ
ನನ್ನ ಎರಡು, ಅವಳ ಎರಡು
ಒಂದೇ ಹನಿಯಾಗಿ ಇಳಿದವು.