ಕಾಲಿದ್ದಷ್ಟು

ಚೆಂಗಪ್ಪನವರು ಆರಡಿ ಎರಡಂಗುಲ.
ಗಾಡಿಯೂ ಅವರಿಗೆ ತಕ್ಕ ಹಾಗೆ,
ಇನ್ನೂರು ಕಿಲೋ ಮೈ, ಇಪ್ಪತ್ತು ಲೀಟರಿನ ಹೊಟ್ಟೆ,
ಎಂಟು ವರ್ಷ ಕೂತು ಕೂತು ಸೀಟಿನ ನಡುವೆ ಬಿದ್ದ ತಗ್ಗು.
ಕಾಕ್ಸ್ ಟೌನಿನ ಅವರ ಗೇಟಿನೊಳಗೆ
ನಾನು ಹತ್ತಿ ಕೂತಾಗ
ಎರಡು ಕಾಲೂ ಗಾಳಿಯಲ್ಲಿ.
ಹಿಂದಿನಿಂದ ಹಿಡಿದುಕೊಂಡಿದ್ದರು,
ನನಗೆ ಗೊತ್ತಾಗಬಾರದು ಅನ್ನುವಂತೆ.

“ಯೋಚನೆ ಮಾಡಿ, ಸ್ಕೂಟರೂ ಒಳ್ಳೇದೇ.”
ಯೋಚಿಸಿದೆ, ಅವರೆದುರೇ, ಪೂರಾ ಒಂದು ನಿಮಿಷ.
ಆಮೇಲೆ ಅಡ್ವಾನ್ಸು ಎಣಿಸಿಕೊಟ್ಟೆ.

ಹಾಸಿಗೆ ಇದ್ದಷ್ಟು ಕಾಲು ಚಾಚು,
ಇದನ್ನು ಹೇಳದ ದೊಡ್ಡವರು ನಮ್ಮ ಮನೆಯಲ್ಲಿರಲಿಲ್ಲ.
ಕಾಲಿದ್ದಷ್ಟಕ್ಕೆ ಹಾಸಿಗೆ ಕೊಯ್ಯಬಹುದೆಂದು ತೋರಿಸಿದವರು
ಜೆ.ಸಿ. ರೋಡಿನ ಇಮ್ದಾದ್ ಸಾಬ್ರು,
ಬಾಯಲ್ಲಿ ಮೂರು ಮೊಳೆ ಕಚ್ಚಿಕೊಂಡೇ.

“ಕೂದಲಲ್ಲ ಮೇಡಂ ಇದು, ಮತ್ತೆ ಬೆಳೆಯಕ್ಕೆ.
ಒಂದು ಪದರ ತೆಗೀತೀನಿ, ಕೂತು ನೋಡಿ.
ಸಾಲದಾ, ಇನ್ನೊಂದು.”
ಏಳು ಸಲ ಹತ್ತಿ ಇಳಿದೆ.
ಪಕ್ಕದ ಹಾರನ್ ಅಂಗಡಿಯ ಹುಡುಗರು
ಮೂರನೆಯ ಸಲದವರೆಗೆ ನಕ್ಕರು,
ಐದನೆಯದಕ್ಕೆ ಸಲಹೆ ಕೊಡತೊಡಗಿದರು:
“ಎತ್ತರ ಬಿಡಿ ಭಾಯ್, ಅಗಲ ಕೊಯ್ರಿ,
ತೊಡೆ ಹತ್ರ ತೆಳ್ಳಗಾದ್ರೆ ಕಾಲು ತಾನೇ ಇಳಿಯುತ್ತೆ.”
ಸರಿಯಾಗೇ ಹೇಳಿದ್ದರು.
ಚೆಂಗಪ್ಪನವರ ತಗ್ಗು ನೆಲಕ್ಕೆ ಬಿತ್ತು.
ಅಂಗಡಿಯ ಬೆಕ್ಕು ಬಂದು ಮೂಸಿ
ಅದರೊಳಗೆ ಸುತ್ತಿ ಮಲಗಿತು.

ನನ್ನದು ಅಳತೆ ಮತ್ತು ತೂಕದ ಇಲಾಖೆ.
ಅವೆನ್ಯೂ ರೋಡಿನ ತಕ್ಕಡಿಗಳಿಗೆ
ಕೂದಲೆಳೆ ತಪ್ಪಿದರೂ ಮುದ್ರೆ ಒತ್ತುವವಳಲ್ಲ.
ಹಾಗಾಗಿ ವೆಲ್ಡರ್ ಆರೋಗ್ಯನಾದನ್ ನನ್ನ ಟೇಪು ಕಂಡು
ಮೊದಲ ದಿನವೇ ಬೇಸತ್ತ.
ಹಿಂದಿನ ಚಕ್ರಕ್ಕೆ ಉದ್ದನೆಯ ಲಿಂಕು,
ಮುಂದಿನ ಫೋರ್ಕು ಕ್ಲಾಂಪಿನಲ್ಲಿ ಇಪ್ಪತ್ತು ಮಿಲಿಮೀಟರು ಮೇಲಕ್ಕೆ,
ಹ್ಯಾಂಡಲು ನನ್ನ ಕಡೆಗೆ,
ಕ್ಲಚ್ಚು ನನ್ನ ಬೆರಳಿನ ಕಡೆಗೆ.

ಒಂದನ್ನು ಮಾತ್ರ ನಾನು ನೆನೆದಿರಲಿಲ್ಲ.
ಇಷ್ಟಾದ ಮೇಲೆ ಸ್ಟ್ಯಾಂಡ್ ಹಾಕಿದರೆ
ಗಾಡಿ ವಾಲಲೊಲ್ಲದೆ ಸೆಟೆದು ನಿಂತಿತು,
ಪ್ರಾರ್ಥನೆ ಸಾಲಿನ ಹುಡುಗನ ಹಾಗೆ,
ಯಾರಾದರೂ ಉಫ್ ಅಂದರೆ ಆ ಕಡೆ ಮಗುಚುವಂತೆ.
ಮೈ ಇಳಿದರೆ ಊರುಗೋಲೂ ಇಳಿಯಬೇಕಂತೆ.
ಒಂದಂಗುಲ ಕಬ್ಬಿಣ ಕೊಯ್ದು, ಪಾದ ಮತ್ತೆ ಬೆಸೆದು,
ಕೊಯ್ದ ತುಂಡನ್ನು ಆತ ನನ್ನ ಅಂಗೈಗೆ ಹಾಕಿದ.
ಇನ್ನೂ ಬಿಸಿ ಇತ್ತು.

ಹಿಮ್ಮಡಿ ನೆಲಕ್ಕೆ ಇನ್ನೂ ಒಂದು ಬೆರಳು ದೂರ.
“ಬೂಟಿಗೆ ಅಟ್ಟೆ ಹೊಡೆಸಿ” ಅಂದ.
ಇರಲಿ ಬಿಡು ಅಂದೆ.
ಇಲಾಖೆಯಲ್ಲಿ ಇದಕ್ಕೊಂದು ಹೆಸರಿದೆ,
ಸಹಿಸಬಹುದಾದ ವ್ಯತ್ಯಾಸ.

ಉದ್ದ ಕಾಲಿನವರಿಗೆ ಈ ಊರು ಸಪಾಟು.
ನನಗೆ ಗೊತ್ತು, ಪ್ರತಿ ರಸ್ತೆಯೂ ನಡುವೆ ಉಬ್ಬಿ
ಎಡಕ್ಕೆ ಮೆಲ್ಲಗೆ ಜಾರಿಕೊಳ್ಳುತ್ತದೆ.
ಸಿಗ್ನಲ್ ಇನ್ನೂ ನೂರು ಗಜ ಇರುವಾಗಲೇ ಹುಡುಕುತ್ತೇನೆ
ಮ್ಯಾನ್‌ಹೋಲಿನ ಮುಚ್ಚಳ,
ಎರಡು ಸಲ ಡಾಂಬರು ಕಂಡ ತೇಪೆ,
ಕಾಲಿಡಲು ಒಂದಿಷ್ಟು ಎತ್ತರದ ಬೆಂಗಳೂರು.

ಲಾಲ್‌ಬಾಗಿನ ಪಶ್ಚಿಮ ಗೇಟಿನ ಬಳಿ ತಪ್ಪಿದೆ.
ನಿಂತೇ ಇದ್ದೆವು, ಇಬ್ಬರೂ, ನಿಧಾನಕ್ಕೆ ಒರಗಿದೆವು.
“ಅಕ್ಕಾ, ಗಾಡಿ ದೊಡ್ಡದಾಯ್ತು!” ಆಟೋದವನು.
“ನೆಲ ಕೆಳಗಾಯ್ತು ಕಣಪ್ಪ.”
ಬೆನ್ನು ಸೀಟಿಗೆ ಕೊಟ್ಟು, ಮಂಡಿ ಮಡಿಸಿ,
ಹಿಂದಕ್ಕೆ ಹೆಜ್ಜೆ ಹೆಜ್ಜೆ ಒತ್ತಿ ಎತ್ತಿದೆ.
ಹಸಿರು ದೀಪ ಬಂದು ಹೋಗಿತ್ತು.
ಹಾರನ್ನುಗಳು ಏನೇನೋ ಅಂದವು.

ಆರ್‌ಸಿ ಕಾಗದಕ್ಕೆ ಸಹಿ ಹಾಕಲು ಬಂದ ಚೆಂಗಪ್ಪನವರು
ಒಮ್ಮೆ ಕೂರಲಾ ಎಂದು ಕೇಳಿದರು.
ಕೂತರು. ಮಂಡಿ ಮೊಣಕೈಗೆ ತಾಗಿತು.
ಕನ್ನಡಿಯಲ್ಲಿ ಬರೀ ಅವರ ಅಂಗಿಯ ಗುಂಡಿ.
ಮೂರುಗಾಲಿ ಸೈಕಲ್ಲಿನ ಮಗುವಿನಂತೆ ನಕ್ಕು
ಇಳಿದು, ಹಳೇ ಅಭ್ಯಾಸಕ್ಕೆ ಸ್ಟ್ಯಾಂಡ್ ಒದ್ದರು.
ಗಾಡಿ ಅವರೆಣಿಸಿದ ಜಾಗದಲ್ಲಿ ನಿಲ್ಲದೆ
ಇನ್ನೂ ಸ್ವಲ್ಪ ವಾಲಿತು. ಗಾಬರಿಯಾಗಿ ಹಿಡಿದುಕೊಂಡರು.
“ಎಲ್ಲಿ ಹೋಯ್ತು ಇದರದ್ದು, ಒಂದಿಂಚು?”

ಕೀಲಿಗೊಂಚಲು ತೆಗೆದು ತೋರಿಸಿದೆ.