ಬಲಗಿವಿಯ ತುದಿ ಸೀಳು

ಮುನಿರೆಡ್ಡಿಪಾಳ್ಯದ ಸ್ಟಾಪಿನಲ್ಲಿ ದಿನಕ್ಕೆ ಎಂಟು ಸಲ
ಸೀಟಿ ಊದುತ್ತೇನೆ.
ಲ್ಯಾನ್ಸರುಗಳ ಕಲ್ಲುಕಂಬ ಅಲ್ಲೇ, ಮರದ ನೆರಳಲ್ಲಿ;
ಅದನ್ನು ನೋಡಲೆಂದು ಯಾರೂ ಇಳಿದದ್ದಿಲ್ಲ
ನನ್ನ ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ.
ಒಂದು ರಜಾದಿನ ನಾನೇ ಇಳಿದೆ.
ಹೆಸರುಗಳ ಮೇಲೆ ಬೆರಳಾಡಿಸಿದೆ.
ನಮ್ಮವನಿಲ್ಲ.
ಕಲ್ಲಿಗೆ ಬೇಕಾದವರು ಸತ್ತವರು;
ಮುತ್ತಜ್ಜ ತುಳಜಾರಾಮ ಬದುಕಿ ಬಂದ ತಪ್ಪಿಗೆ
ಗೋಡೆಯ ಮೇಲೊಂದು ಫೋಟೋ ಆಗಿದ್ದಾನೆ.

ಆ ಫೋಟೋದಲ್ಲಿ ಮುಕ್ಕಾಲು ಪಾಲು ಕುದುರೆ.
ಅದೂ ಪೂರ್ತಿಯಿಲ್ಲ: ಫ್ರೇಮಿಗೆ ಹೊಂದಲೆಂದು
ಯಾರೋ ಹಿಂಗಾಲು ಕತ್ತರಿಸಿದ್ದಾರೆ.
ಪಕ್ಕದಲ್ಲಿ ರುಮಾಲು, ಮೀಸೆ,
ಬೆರಳು ಮುಚ್ಚುವಷ್ಟು ಉದ್ದ ತೋಳಿನ ಕೋಟು.
ಕುದುರೆಯ ಕಿವಿಯ ಹತ್ತಿರ ಬಿಳೀ ಗೀರು;
ಹುಳ ತಿಂದಿದೆ ಎಂದುಕೊಂಡಿದ್ದೆವು.

"ಸಿಲ್ಹೇದಾರರು ಕಣೇ ನಾವು" ಎನ್ನುತ್ತಾಳೆ ರಂಗೂ ಅತ್ತೆ,
ಎಂಬತ್ತೇಳರ ಬೊಚ್ಚುಬಾಯಲ್ಲಿ ಸಿಲ್ಹೇ ಎಂಬುದು ಸಿಳ್ಳೆಯಾಗಿ.
"ಸ್ವಂತ ಕುದುರೆ, ಸ್ವಂತ ಭರ್ಜಿ.
ಅರಮನೆ ಮುಂದೇನೂ ಕೂತೇ ಸಲಾಮು!"
ಈ ಕುದುರೆಯ ಮೇಲೆ ನಮ್ಮಲ್ಲಿ ನಾಲ್ಕು ಮದುವೆ ಕುದುರಿವೆ.
ನನ್ನದೂ ಒಂದು. ಅದು ಮುಗ್ಗರಿಸಿದ್ದು ಬೇರೆ ಕಥೆ.

ವಿಧಾನಸೌಧದ ಕೆಳಮಹಡಿ, ದಫ್ತರಖಾನೆ.
ಚನ್ನಿಗರಾಯ ಕೆಂಪು ಬಟ್ಟೆಯ ಗಂಟು ತಂದಿಟ್ಟ,
ಎಳೆಗೂಸನ್ನು ಇಳಿಸುವ ಹಾಗೆ.
"ನಿಧಾನ ಅಮ್ಮಾ, ಮಡಿಚಿದ್ರೆ ಪುಡಿ."
ಗುಮಾಸ್ತನೊಬ್ಬನ ಓರೆ ಇಂಗ್ಲಿಷು, ಕಂದಿದ ಮಸಿ.
ಒಬ್ಬ ತುಳಜಾ, ಇನ್ನೊಬ್ಬ ತೂಲ್ಜಾ, ಮೂರನೆಯವ ಟೂಲ್ಸಿ;
ಅಪ್ಪನ ಹೆಸರಿಲ್ಲ, ಊರಿಲ್ಲ,
ಸಂಬಳ ಇದೆ, ಸಂಬಳದಲ್ಲಿ ಮುರಿದುಕೊಂಡ ದಂಡ ಇದೆ.
ಚಿಲ್ಲರೆ ಎಣಿಸಿ ಕಪ್ಪಾದ ಬೆರಳು ನನ್ನದು,
ಮುರಿದುಕೊಂಡ ಸಂಬಳದ ಗುರುತು ಬೇಗ ಸಿಗುತ್ತದೆ.
ಆದರೆ ಇವರಲ್ಲಿ ನನಗೀ ಮೂಗು ಕೊಟ್ಟವನು ಯಾರು?

ಮೂರು ಮಂಗಳವಾರ ಹೀಗೇ ಹೋದವು.
ನಾಲ್ಕನೆಯದರಲ್ಲಿ ತಪ್ಪಿ ಬಂದದ್ದು ಕುದುರೆಗಳ ಪುಸ್ತಕ.
ಅಬ್ಬಾ, ಎಂಥ ಅಕ್ಕರೆ!
ಹೆಣ್ಣು. ಕೆಂಚು. ಹದಿನಾಲ್ಕು ಮುಷ್ಟಿ, ಮೇಲೆರಡು ಅಂಗುಲ.
ಹಣೆಯಲ್ಲಿ ಅರೆಚಂದ್ರ. ಹಿಂದಿನ ಎಡಗಾಲಿಗೆ ಬಿಳಿ ಕಾಲುಚೀಲ.
ಬಲಗಿವಿಯ ತುದಿ ಸೀಳು.
ಸ್ವಭಾವ: ಒಬ್ಬನಿಗೆ ಮಾತ್ರ ಬಗ್ಗುತ್ತದೆ.
ಸವಾರ: ಸಯ್ಯದ್ ಗೌಸ್.
ಸಯೀಸ: ತೂಲ್ಜಾ. ತಿಂಗಳಿಗೆ ಏಳು ರೂಪಾಯಿ.

ಕಿಟಕಿಯಾಚೆ ಯಾವುದೋ ಬಸ್ಸು ನಿಂತಲ್ಲೇ ಅದುರುತ್ತಿತ್ತು.
ಸಯೀಸ. ಲಾಯದ ಆಳು.
ಲದ್ದಿ ಬಾಚಿದವನು, ಮೈ ತಿಕ್ಕಿದವನು,
ಹುರುಳಿ ಬೇಯಿಸಿ, ಆರಿತೇ ಎಂದು ಬೆರಳದ್ದಿ ನೋಡಿದವನು.
ಆ ಕೋಟು, ಹಾಗಾದರೆ, ಗೌಸನದು.
ಒಂದು ಮಧ್ಯಾಹ್ನದ ಮಟ್ಟಿಗೆ ಬಿಚ್ಚಿ ಕೊಟ್ಟಿರಬೇಕು:
ಹೋಗೋ, ತೆಗೆಸ್ಕೋ, ಮನೆಗೆ ಕಳಿಸು.
ಕೊನೆಯ ಅಂಕಣದಲ್ಲಿ, ಈಜಿಪ್ಟಿನಲ್ಲಿ ಮಾರಾಟ.
ಕುದುರೆಯ ಹೆಸರಿಗೆ ಬಿಟ್ಟ ಜಾಗ ಖಾಲಿ.

ಬಾಳೆಹಣ್ಣು ಸುಲಿದು ಕೊಡುತ್ತ ಅತ್ತೆಗೆ ಹೇಳಿದೆ.
ಸಯೀಸ ಎಂದಾಗ ಕಿವಿ ಕೇಳಿಸದವಳಂತೆ ಕೂತಳು.
ಹೆಣ್ಣು ಎಂದಾಗ ತಿರುಗಿದಳು.
"ಹೆಣ್ ಕುದುರೇನಾ?"
ಹೆಗಲು ಕುಲುಕತೊಡಗಿತು. ನಗುವೋ ಅಳುವೋ ತಿಳಿಯಲಿಲ್ಲ.
"ಚಮೇಲಿ" ಎಂದಳು.
"ನಮ್ಮಜ್ಜ ನಿದ್ದೇಲಿ ಕೂಗೋನು.
ಚಮೇಲೀ, ಬಾ. ಚಮೇಲೀ, ಕಾಲೆತ್ತು.
ದಂಡಿಗೆ ಹೋದಲ್ಲಿ ಯಾರನ್ನೋ ಇಟ್ಕೊಂಡಿದ್ದ ಅಂತ
ಅಜ್ಜಿ ಅಂಬಾಬಾಯಿ
ಹನ್ನೊಂದು ವರ್ಷ ಅವನ ಜತೆ ಮಾತಾಡಲಿಲ್ಲ.
ತಟ್ಟೆ ತಂದು ಕುಕ್ಕೋಳು, ಅಷ್ಟೆ."

ಬಹಳ ಹೊತ್ತು ಫೋಟೋ ಅವಳ ತೊಡೆಯ ಮೇಲಿತ್ತು.
ಸೆರಗಿನ ತುದಿಯಿಂದ ಗಾಜು ಒರೆಸಿದಳು,
ಮೊದಲು ಆ ಕಿವಿಯ ಹತ್ತಿರ.
"ಈಗ ಇದನ್ನ ಯಾರಿಗೆ ಹೋಗಿ ಹೇಳೋದೇ?"

ನಾಳೆ ಮೊದಲ ಪಾಳಿ, ಐದೂ ಹತ್ತಕ್ಕೆ ಡಿಪೋದಲ್ಲಿರಬೇಕು.
ಶುಕ್ರವಾರ ತಂಗಿ ಮಗಳನ್ನು ನೋಡಲು ಗಂಡಿನವರು ಬರುತ್ತಾರೆ.
ಗೋಡೆ ನೋಡುತ್ತಾರೆ, ಕೇಳಿಯೇ ಕೇಳುತ್ತಾರೆ.
ಅತ್ತೆ ಏನು ಹೇಳುತ್ತಾಳೋ, ನನಗೆ ಗೊತ್ತಿಲ್ಲ.