ಹನ್ನೊಂದು ಗಂಟೆಯ ನೀರು

ಕಾರವಾರದಿಂದ ನಮ್ಮ ಜೀಪು ಹೊರಡುವುದು ಒಂಬತ್ತಕ್ಕೆ.
ಅಂಕೋಲೆಯಲ್ಲಿ ಚಾ, ಡ್ರೈವರ್ ಮಾಬ್ಲನ ಕವಳ,
ಕಾಂಡ್ಲಕೇರಿಯ ದಕ್ಕೆ ಮುಟ್ಟುವಾಗ ಹನ್ನೊಂದು.
ಆರು ವರ್ಷದಿಂದ ನಾನು ಕಂಡ ಹೊಳೆ
ಹನ್ನೊಂದು ಗಂಟೆಯ ಹೊಳೆ.

ಬಾಟಲಿಗೆ ಮೂರು ಸಲ ಅದೇ ನೀರು ಕುಡಿಸಿ ಚೆಲ್ಲಬೇಕು.
ನಾಲ್ಕನೆಯದು ಮಾದರಿ.
ಗುಳ್ಳೆ ಒಂದೂ ಉಳಿಯದ ಹಾಗೆ ತುಂಬಿಸಿ,
ಎರಡು ಔಷಧ ಇಳಿಬಿಟ್ಟು, ಮುಚ್ಚಳ ಜಾರಿಸಿ,
ತಲೆಕೆಳಗು ಮಾಡಿ ಕಾಯಬೇಕು.
ತಳಕ್ಕೆ ಕಂದು ಇಳಿದರೆ ನೀರಿಗೆ ಉಸಿರಿದೆ.
ಬಿಳಿ ಇಳಿದರೆ ಇಲ್ಲ.
ಬಿಳಿಯನ್ನು ಪುಸ್ತಕದಲ್ಲಿ ಓದಿದ್ದೆ, ಅಷ್ಟೆ.
ಪ್ರತಿ ಸಲವೂ ಕಂದು, ಒಳ್ಳೆ ಬೆಲ್ಲದ ಕಂದು.
‘ಮಿತಿಯೊಳಗಿದೆ’ ಎಂದು ಬರೆದು
ಊಟಕ್ಕೆ ಕುಮಟೆಗೆ ಹೋಗುತ್ತಿದ್ದೆವು.

ಬೀರಮ್ಮ ಅಂಬಿಗ ಕಾಲಬೆರಳಿನಿಂದ ಬಳಚು ಹುಡುಕುವವಳು.
ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ
ಅಲ್ಯುಮಿನಿಯಂ ಬೋಗುಣಿ ತೇಲುತ್ತ ಅವಳ ಹಿಂದೆಯೇ.
ಒಂದು ದಿನ ನೀರಿನಿಂದ ಮೇಲೆ ಬಂದು
ನನ್ನ ಐಸ್ ಪೆಟ್ಟಿಗೆಯ ಮೇಲೆ ಒಂದು ಮುಷ್ಟಿ ಬಳಚು ಸುರಿದಳು.
‘ಜೀವ ಇದ್ದದ್ದು ಮುಟ್ಟಿದ್ರೆ ಬಾಯಿ ಮುಚ್ತದೆ.
ಮುಟ್ಟಿ ನೋಡಿ.’
ಮುಟ್ಟಿದೆ. ಎಲ್ಲವೂ ಬಾಯಿ ತೆರೆದೇ ಇದ್ದವು.
(ನಮ್ಮ ಆಫೀಸಿನಲ್ಲಿ ಜೀವವಿರುವವರು ತುಂಬ ಮಂದಿ.)

‘ಸಿಗಡಿ ಕೆರೆ ಖಾಲಿ ಮಾಡುದು ರಾತ್ರಿ, ಇಳಿತಕ್ಕೆ.
ನೀವು ಬರುವಷ್ಟರಲ್ಲಿ ಒಂದು ಭರತ ಬಂದು ತೊಳ್ದಿರ್ತದೆ.
ತೊಳ್ದಿಟ್ಟ ತಾಟು ನೋಡಿ
ಉಂಡದ್ದು ಎಂತ ಅಂತ ಹೇಳ್ತ್ರಾ ನೀವು?’

ಅಮಾವಾಸ್ಯೆ ಭಾನುವಾರ ಬಿತ್ತು.
ಎರಡು ಬಾಟಲಿ ಕೈಚೀಲದಲ್ಲಿ ಹಾಕಿಕೊಂಡು
ಹೆಂಡತಿಗೆ ಕುಮಟೆಯಲ್ಲಿ ಮದುವೆ ಎಂದು ಸುಳ್ಳು ಹೇಳಿ
ನನ್ನದೇ ಬೈಕಿನಲ್ಲಿ ಹೋದೆ.

ಎರಡೂ ನಲವತ್ತು.
ದೂರದಲ್ಲಿ ತೂಬಿನ ಹಲಗೆ ಎತ್ತಿದ ಸದ್ದು,
ಆಮೇಲೆ ಯಾರದೋ ಕೆಮ್ಮು.
ಬೀರಮ್ಮ ಟಾರ್ಚು ಆರಿಸಿದಳು.
ಮೊದಲು ಬಂದದ್ದು ವಾಸನೆ,
ಕೊಳೆತ ಮೊಟ್ಟೆ, ಬ್ಲೀಚಿಂಗ್ ಪೌಡರು, ಹೆಸರಿಲ್ಲದ ಇನ್ನೊಂದು.
ಆಮೇಲೆ ನೊರೆ.
ಆಮೇಲೆ ಕಾಂಡ್ಲದ ಬೇರುಗಳ ಮೇಲೆ ಟಕಟಕ ಸಪ್ಪಳ:
ಏಡಿಗಳು, ನೂರಾರು, ಮರಿಗಳೂ,
ಹೊಳೆ ಬಿಟ್ಟು ಮರ ಹತ್ತುತ್ತಿದ್ದವು.

ಮೂರು ಸಲ ಕುಡಿಸಿ ಚೆಲ್ಲಿದೆ. ನಾಲ್ಕನೆಯದು ತುಂಬಿದೆ.
ಔಷಧ. ಮುಚ್ಚಳ. ತಲೆಕೆಳಗು.
ಸೆರಗಿನ ಮರೆಯಲ್ಲಿ ಅವಳು ಟಾರ್ಚು ಹಿಡಿದಳು.
ಇಳಿಯಿತು, ನಿಧಾನಕ್ಕೆ,
ಒಡೆದ ಹಾಲಿನ ಹಾಗೆ.

‘ಬೆಳ್ಳಗೆ ಬಂತಲ್ಲ,’ ಅಂದಳು, ‘ಒಳ್ಳೇದಲ್ದಾ?’

ಹೇಳಲು ನನಗೆ ಹೊತ್ತು ಹಿಡಿಯಿತು.
ಹೇಳಿದ ಮೇಲೆ ಅವಳು ಬಹಳ ಹೊತ್ತು ಕತ್ತಲನ್ನೇ ನೋಡಿದಳು,
ಕೆಮ್ಮು ಬಂದ ಕಡೆ.
‘ಸಾಂತು. ನನ್ನ ತಂಗಿ ಮಗ.
ಹೆಸರು ಬರೀಬೇಡಿ.
ಹಲಗೆ ಅವಂದಲ್ಲ, ಕೈ ಮಾತ್ರ ಅವಂದು.’

ಬರೆಯಲಿಲ್ಲ.
ಬರೆಯಬೇಕಿತ್ತೇನೋ, ಈಗಲೂ ಗೊತ್ತಿಲ್ಲ.
ಕೆರೆಯ ಯಜಮಾನರ ಹೆಸರು ಬರೆದೆ, ಗೊತ್ತಿದ್ದಷ್ಟು.

ಸೋಮವಾರ ಸಾಹೇಬರು ಕೇಳಿದರು:
ರಜೆ ದಿನದ ಮಾದರಿಗೆ ನಂಬರು ಯಾರು ಕೊಟ್ಟರು?
ಮಾಬ್ಲ ಕೇಳಿದ:
ಇನ್ನು ಮೇಲೆ ರಾತ್ರಿ ಹೋಗುದಾದ್ರೆ ಡೀಸೆಲ್ ಯಾರ ಲೆಕ್ಕ?
ಬಾಟಲಿ ಫ್ರಿಜ್ಜಿನಲ್ಲಿದೆ,
ಯಾರದೋ ಮೊಸರಿನ ಡಬ್ಬಿಯ ಪಕ್ಕ.

ನಮೂನೆಯಲ್ಲಿ ಸಮಯದ ಎದುರು
ಮೊದಲೇ ಅಚ್ಚಾಗಿದ್ದ ಹನ್ನೊಂದನ್ನು ಹೊಡೆದುಹಾಕಿದ್ದೇನೆ.
ಎರಡು ನಲವತ್ತು, ಇಳಿತ.
ಸಂಗ್ರಹಿಸಿದವರು: ಪೆಡ್ನೇಕರ.
ಸಾಕ್ಷಿ: ಬೀರಮ್ಮನ ಹೆಬ್ಬೆಟ್ಟು.
ಶಾಯಿ ಇರಲಿಲ್ಲ; ಹೊಳೆಯ ಕೆಸರಲ್ಲೇ ಅದ್ದಿ ಒತ್ತಿದ್ದಳು.
ಸಾಹೇಬರು ಕಾಗದವನ್ನು ಮೇಜಿಗೆ ಬಡಿದಾಗ
ಒಣಗಿದ್ದು ಅರ್ಧ ಉದುರಿತು.

ಇನ್ನರ್ಧ ಇದೆ.